ಅಣ್ಣನ ಬೆಂಡಿನ ಫಟಫಟಿ

ಮೊನ್ನೆ ರವಿವಾರ ನನ್ನ ಮೊಮ್ಮಗಳು ಫೋನಿನಲ್ಲಿ ಆಡುವ ಆಟದ ಕಡೆಯ ಗುಡ್ಡ ದಾಟಿದಳು. ಹದಿನೈದು ದಿನ ಅದೊಂದೇ ಗುಡ್ಡಕ್ಕೆ ಬಿದ್ದು ಬಿದ್ದು ಎದ್ದಿದ್ದಳು. ಆಟ ಏನಂದರೆ, ಮೋಟಾರ್ ಸೈಕಲ್ ಮೇಲೆ ಒಬ್ಬ ಸವಾರ ಕೂತಿರುತ್ತಾನೆ. ಅವನನ್ನು ಹಲಗೆಯಿಂದ ಹಲಗೆಗೆ ಹಾರಿಸಬೇಕು. ಮುಂದಿನ ಗಾಲಿ ಎಷ್ಟು ಎತ್ತಬೇಕು, ಹಿಂದಿನದಕ್ಕೆ ಎಷ್ಟು ಭಾರ ಕೊಡಬೇಕು, ಅದೆಲ್ಲ ಎರಡು ಹೆಬ್ಬೆರಳಿನ ಕೆಲಸ. ಒಂದು ಕೂದಲೆಳೆ ತಪ್ಪಿದರೂ ಸವಾರ ತಲೆಕೆಳಗಾಗಿ ಬೀಳುತ್ತಾನೆ. ಮತ್ತೆ ಮೊದಲಿಂದ.

ದಾಟಿದ ಕೂಡಲೇ ಅವಳು ಫೋನು ಹಾಸಿಗೆ ಮೇಲೆ ಒಗೆದು ಬಂದು ನನ್ನ ಕೊರಳಿಗೆ ಬಿದ್ದಳು. ನನಗೆ ಹಿಗ್ಗು ತಡೆಯಲಿಲ್ಲ. ಡಬ್ಬಿಯಲ್ಲಿದ್ದ ಬೆಲ್ಲ ಅಷ್ಟೂ ಒಡೆದು ಓಣಿಯ ಮಕ್ಕಳಿಗೆ ಹಂಚಿಬಿಟ್ಟೆ.

"ಅಕಿ ಪರೀಕ್ಷಾ ಪಾಸಾಗ್ಯಾಳೇನ್ರಿ ಅತ್ತಿ, ಹಿಂಗ ಬೆಲ್ಲ ಹಂಚಾಕತ್ತೀರಿ," ಅಂತ ಸೊಸೆ ನಕ್ಕಳು.

"ಪರೀಕ್ಷಾ ಯಾರರ ಪಾಸಾಗ್ತಾರವ್ವಾ. ಇದು ದಾಟೂದು ಬಿಗಿ ಅದ," ಅಂದೆ.

ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಆಯಿ, ನೀ ನಗಾಕತ್ತೀಯೋ ಅಳಾಕತ್ತೀಯೋ?"

"ಎರಡೂ."

"ನಿನಗ ಈ ಆಟದ್ದು ಏನ್ ತಿಳೀತದ?"

"ನಿನಗಿಂತ ಮೊದಲ ಆಡೀನಿ ನಾ. ನಿಮ್ಮಪ್ಪ ಹುಟ್ಟೋಕಿಂತ ಮೊದಲ."

"ಸುಳ್ಳ. ಆವಾಗ ಫೋನ್ ಎಲ್ಲಿತ್ತು?"

ಸುಳ್ಳಲ್ಲ ಮಗಳೇ. ಅದಕ್ಕೇ ಈ ವಹಿ ತಗೊಂಡು ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ತರಗತಿ. ಭಾಷೆ ನೋಡಿ ರಾಜ್ಯ ಹಂಚಿದಾಗ ನಾರಾಯಣಖೇಡದ ಸುತ್ತಿನ ನಮ್ಮಂಥ ಊರುಗಳು ಈ ಕಡೆ, ತೆಲುಗು ರಾಜ್ಯದಲ್ಲಿ, ಉಳಿದವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳಕ್ಕೂ ಚೌಕಾಸಿಗೂ ಉರ್ದು. ಇದರಿಂದ ಯಾರಿಗೂ ಏನೂ ತ್ರಾಸಿರಲಿಲ್ಲ. ಆದರೆ ನಾನು ನಾಲ್ಕು ಮುಗಿಸುವ ಹೊತ್ತಿಗೆ ಕನ್ನಡ ಹೇಳುವ ಮಾಸ್ತರರು ವರ್ಗವಾಗಿ ಹೋದರು. ಬದಲಿಗೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಹಲಗೆ ಬಳಪ ಮೂಲೆಗಿಟ್ಟೆ. ಮನೆಯಲ್ಲಿ ನನಗೆ ಬೇರೆ ಕೆಲಸವೂ ಇತ್ತು. ಅಣ್ಣನನ್ನು ಹೊರುವ ಕೆಲಸ.

ಅಣ್ಣ ನನಗಿಂತ ಎರಡು ವರ್ಷ ದೊಡ್ಡವನು. ಮೂರು ವರ್ಷದವನಿದ್ದಾಗ ಜ್ವರ ಬಂದು ಎರಡೂ ಕಾಲು ಹೋದವು. ತೊಡೆಯಿಂದ ಕೆಳಗೆ ಜೋಳದ ದಂಟಿನಷ್ಟು ದಪ್ಪ, ಅಷ್ಟೇ. ಕೈಗಳು ಮಾತ್ರ ಒಕ್ಕಲಿಗನ ಕೈಗಳು. ಅವ್ವ ಅಪ್ಪ ಹೊಲಕ್ಕೆ ಹೋದ ಮೇಲೆ ಅವನು ಎಲ್ಲಿಗೆ ಹೋಗಬೇಕಂದರೂ ನನ್ನ ಬೆನ್ನ ಮೇಲೆ. ಬಾವಿಗೆ, ಬಯಲಿಗೆ, ಹಳ್ಳದ ದಂಡೆಗೆ. ಮೇಲೆ ಕೂತು ಕಿವಿ ಹಿಂಡಿ ದಾರಿ ಹೇಳುತ್ತಿದ್ದ. ಬಲಗಿವಿ ಹಿಂಡಿದರೆ ಬಲಕ್ಕೆ, ಎಡಗಿವಿ ಹಿಂಡಿದರೆ ಎಡಕ್ಕೆ. ಊರ ಹೆಂಗಸರು ನಮ್ಮನ್ನು ಕಂಡರೆ "ಸಾಹೇಬರ ಕುದುರಿ ಬಂತು ನೋಡ್ರಿ" ಅನ್ನುತ್ತಿದ್ದರು. "ಕುದುರಿ ಎಲ್ಲಿದ ಅತ್ತಿ, ಕತ್ತೆ ಅದ ಇದು," ಅಂತ ಅಣ್ಣ ಮೇಲಿಂದಲೇ ಹೇಳುತ್ತಿದ್ದ. ನಾನು ಅಲ್ಲೇ ಅವನನ್ನು ಧಪ್ಪಂತ ಇಳಿಸಿ ಕೂತುಬಿಡುತ್ತಿದ್ದೆ. ಆಮೇಲೆ ನೂರು ಸಲ ತಂಗಿ, ತಾಯಿ ಅಂತ ಕರೆಯಬೇಕು, ಆಗ ಏಳುತ್ತಿದ್ದೆ.

ಒಂದು ದಿನ ಹಳ್ಳದ ದಂಡೆಯಲ್ಲಿ ಕೂತಿದ್ದೆವು. ದನಗಳಿಗೆ ಬಾಯಿಬೇನೆ ಬಿದ್ದ ವರ್ಷ. ನಾರಾಯಣಖೇಡದಿಂದ ದನದ ಡಾಕ್ಟರು ಫಟಫಟಿ ಮೇಲೆ ಬಂದರು. ನಮ್ಮ ಕಡೆ ಮೋಟಾರ್ ಸೈಕಲ್ಲಿಗೆ ಹಂಗೇ ಅನ್ನೋದು, ಅದರ ಸಪ್ಪಳ ಹಂಗೇ ಇತ್ತು. ಹಳ್ಳಕ್ಕೆ ಸೇತುವೆ ಇರಲಿಲ್ಲ. ದಾಟಲು ಊರವರು ದೊಡ್ಡ ದೊಡ್ಡ ಚಪ್ಪಟೆ ಕಲ್ಲು ಹಾಕಿದ್ದರು, ಕಲ್ಲಿಗೂ ಕಲ್ಲಿಗೂ ನಡುವೆ ಸಂದು. ಡಾಕ್ಟರು ಇಳಿದು ತಳ್ಳಬಹುದಿತ್ತು. ತಳ್ಳಲಿಲ್ಲ. ಸವಾರಿ ಮಾಡಿಕೊಂಡೇ ಬಂದರು. ಮೂರು ಕಲ್ಲು ದಾಟಿ ನಾಲ್ಕನೆಯದಕ್ಕೆ ಗಾಲಿ ಜಾರಿ ಧೊಪ್ಪಂತ ನೀರಿಗೆ ಬಿದ್ದರು. ನಾವು ನಕ್ಕೆವು, ಸುಳ್ಳು ಯಾಕೆ ಹೇಳಲಿ. ಅವರು ಎದ್ದರು, ಟೊಪ್ಪಿಗೆ ಹಿಂಡಿಕೊಂಡರು, ಗಾಡಿಯನ್ನು ಆ ದಂಡೆಗೇ ಹಿಂದಕ್ಕೆ ಎಳೆದುಕೊಂಡು ಹೋದರು. ಅಲ್ಲಿಂದ ಮತ್ತೆ ಭರ್ರಂತ ಬಂದರು. ಈ ಸಲ ಎಲ್ಲ ಕಲ್ಲೂ ದಾಟಿ ನಮ್ಮ ಮುಂದೆ ಬಂದು ನಿಂತರು.

ಅಣ್ಣ ಕೇಳಿದ. "ಸಾಬ್, ಹಿಂದಕ ಯಾಕ ಹೋದ್ರಿ? ಬಿದ್ದಲ್ಲಿಂದ ಬರಬೇಕಿಲ್ಲೇನ್ರಿ?"

ಡಾಕ್ಟರು ಬೂಟಿನಿಂದ ನೀರು ಸುರುವುತ್ತ ಹೇಳಿದರು. "ಅರ್ಧದಾಗಿಂದ ಹೊಂಟರ ಜೋರ್ ಎಲ್ಲಿಂದ ಬರಬೇಕಪ್ಪಾ? ಬಿದ್ದಾವ ಮೊದಲಿಂದ ಬರಬೇಕು."

ಅಷ್ಟೇ ಮಾತು. ಅವರಿಗೆ ಅದು ನೆನಪೂ ಉಳಿದಿರಲಿಕ್ಕಿಲ್ಲ. ಅಣ್ಣ ಮನೆಗೆ ಬರುವ ತನಕ ನನ್ನ ಕಿವಿ ಹಿಂಡಲೇ ಇಲ್ಲ. ಯಾವ ದಾರಿಯಲ್ಲಿ ಹೋಗುತ್ತಿದ್ದೇನೆ ಅನ್ನುವ ಖಬರೂ ಅವನಿಗಿರಲಿಲ್ಲ.

ಮರುದಿನ ಜೋಳದ ದಂಟು ಸುಲಿದು ಕೂತ. ಒಳಗಿನ ಬೆಂಡಿನಿಂದ ಮೈ ಮಾಡಿದ, ಮೇಲಿನ ಸಿಪ್ಪೆ ಸೀಳಿ ಕಡ್ಡಿ ಚುಚ್ಚಿ ಹಿಡಿಕೆ ಮಾಡಿದ. ಬೆಂಡಿನ ಚಕ್ಕಡಿ, ಬೆಂಡಿನ ಕನ್ನಡಕ ನಮ್ಮ ಕಡೆ ಎಲ್ಲ ಮಕ್ಕಳೂ ಮಾಡುತ್ತಾರೆ. ಫಟಫಟಿ ಮಾಡಿದವನು ಇವನೊಬ್ಬನೇ. ಒಣ ಸೋರೆ ಬುರುಡೆ ಕೊರೆದು ಗಾಲಿ ಮಾಡಿ, ಜಾಲಿ ಮುಳ್ಳು ಅಚ್ಚಿಗೆ ಹಾಕಿದ. ಮೇಲೆ ಕರಿ ಮಣ್ಣಿನ ಸವಾರ. ಸವಾರನಿಗೆ ಒಂದು ಟೊಪ್ಪಿಗೆ.

ಆಮೇಲೆ ಅಂಗಳದಲ್ಲಿ ಕಲ್ಲು, ಹೆಂಟೆ, ಒಡೆದ ಇಟ್ಟಂಗಿ ಸಾಲಾಗಿ ಇಡಿಸಿದ, ನಡುವೆ ಸಂದು ಬಿಟ್ಟು. ಎರಡು ತುದಿಗೆ ಎರಡು ಗೂಟ. ಫಟಫಟಿಯ ಮೂತಿಗೆ ಒಂದು ದಾರ ಕಟ್ಟಿ ಮುಂದಿನ ಗೂಟಕ್ಕೆ ಸುತ್ತಿಸಿ ಬಲಗೈಗೆ ತಂದುಕೊಂಡ. ಬೆನ್ನಿಗೆ ಒಂದು ದಾರ ಕಟ್ಟಿ ಹಿಂದಿನ ಗೂಟಕ್ಕೆ ಸುತ್ತಿಸಿ ಎಡಗೈಗೆ. ತಾನು ನಡುವೆ ಕೂತ. ಬಲಗೈ ಎಳೆದರೆ ಮುಂದೆ ಹೋಗುತ್ತದೆ, ಎಡಗೈ ಬಿಗಿ ಹಿಡಿದರೆ ಮೂತಿ ಎತ್ತಿ ನಿಲ್ಲುತ್ತದೆ. ಸಂದು ಹಾರಿಸುವಾಗ ಬಲಗೈ ಜಗ್ಗಿದ ಗಳಿಗೆಯಲ್ಲೇ ಎಡಗೈ ಸಡಿಲ ಬಿಡಬೇಕು. ರವಷ್ಟು ತಡವಾದರೆ ಹಿಂದಿನ ಗಾಲಿ ಸಂದಿಗೆ ಬೀಳುತ್ತದೆ. ಕೂತಲ್ಲಿಂದ ಏಳುವ ಮಾತೇ ಇಲ್ಲ. ಏಳಲಾರದವನು ತನಗಾಗಿ ಮಾಡಿಕೊಂಡ ಆಟ ಅದು. ಈಗ ಮೊಮ್ಮಗಳ ಎರಡು ಹೆಬ್ಬೆರಳು ನೋಡಿದಾಗ ನನಗೆ ಆ ಎರಡು ದಾರಗಳೇ ಕಾಣುತ್ತವೆ.

ಕಾಯಿದೆ ಒಂದೇ. ಬಿದ್ದರೆ ಮೊದಲಿಂದ. ಅದೂ ಬಿದ್ದದ್ದನ್ನು ಕೈಯಿಂದ ಎತ್ತಿ ಇಡುವಂತಿಲ್ಲ. ಬಿದ್ದವರೇ ಎಡಗೈ ದಾರ ಜಗ್ಗಿ, ಮಗ್ಗುಲಾಗಿ ಬಿದ್ದ ಗಾಡಿಯನ್ನು ಧೂಳಿನಲ್ಲಿ ಎಳೆದುಕೊಂಡು, ಮೊದಲ ಗೂಟದ ತನಕ ತರಬೇಕು. ಎಳೆಯುವ ಆ ಹೊತ್ತಿನಲ್ಲಿ ಸುತ್ತ ಕೂತವರು ಬಾಯಿಗೆ ಬಂದದ್ದು ಅನ್ನಬಹುದು. "ಹೆಣ ಹೊಂಟದ, ದಾರಿ ಬಿಡ್ರಿ," ಅನ್ನುತ್ತಿದ್ದೆವು. ಆಗ ಆ ಮಾತಿಗೆ ನಗೆ ಬರುತ್ತಿತ್ತು.

ಕಲ್ಲುಗಳಿಗೆ ಹೆಸರಿದ್ದವು. ಮೊದಲಿನದು ನಮ್ಮೂರು, ಎರಡನೆಯದು ಹಳ್ಳ, ಆಮೇಲೆ ಖೇಡ, ನಡುವಿನ ಹಳ್ಳಿಗಳು, ಕಡೆಗೆ ಜಹೀರಾಬಾದ್. ಅಪ್ಪ ಒಮ್ಮೆ ಅವನನ್ನು ಕಾಲು ತೋರಿಸಲು ಹೈದರಾಬಾದಿಗೆ ಒಯ್ದಿದ್ದ. ಕಾಲಿಗೆ ಏನೂ ಆಗಲಿಲ್ಲ. ಆದರೆ ಜಹೀರಾಬಾದಿನಲ್ಲಿ ಬಸ್ಸಿಗೆ ಕಾಯುತ್ತ ಮುಂಬಯಿಗೆ ಹೋಗುವ ಡಾಂಬರು ರಸ್ತೆಯನ್ನು ಅವನು ನೋಡಿದ್ದ. ಒಂದು ಹೆಂಟೆ ಇಲ್ಲ, ಒಂದು ಕಲ್ಲಿಲ್ಲ ಅಂತ ಹೇಳುತ್ತಿದ್ದ. "ಅಲ್ಲಿ ನಿನ್ನ ಬೆನ್ನ ಬ್ಯಾಡ ನನಗ. ಅಂಡ ಮ್ಯಾಲೇ ಜಾರಕೋತ ಮುಂಬಯಿ ಮುಟ್ಟತೀನಿ."

ಅವ್ವನಿಗೆ ಈ ಆಟ ಕಂಡರೆ ಆಗುತ್ತಿರಲಿಲ್ಲ. ಕೌದಿ ಹೊಲಿಯಲು ಇಟ್ಟ ಗಟ್ಟಿ ದಾರವೆಲ್ಲ ಫಟಫಟಿಗೆ ಹೋಗುತ್ತಿತ್ತು. "ಹುಚ್ಚ ಆಟ. ದಾರ ತಿಂದ ಆಟ. ಇದರ ಮನಿ ಹಾಳಾಗ," ಅಂತ ದಿನಕ್ಕೆ ಒಮ್ಮೆ ಬೈಯದಿದ್ದರೆ ಅವಳಿಗೆ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಅಪ್ಪ ಏನೂ ಅನ್ನುತ್ತಿರಲಿಲ್ಲ. ಹೊಲದಿಂದ ಬರುವಾಗ ಒಳ್ಳೆಯ ದಪ್ಪ ದಂಟು ಕಂಡರೆ ಕಿತ್ತು ಹೆಗಲ ಮೇಲೆ ತರುತ್ತಿದ್ದ. ದನಕ್ಕೆ ಅಂತ ಹೇಳುತ್ತಿದ್ದ.

ಆ ಬೀಳುವುದರಲ್ಲಿ ಏನು ರುಚಿ ಇತ್ತೋ. ನನ್ನಂಥವಳಿಗೆ ದೊಡ್ಡ ಮಾತು ಬರುವುದಿಲ್ಲ, ತಿಳಿದಷ್ಟು ಹೇಳುತ್ತೇನೆ. ನಮ್ಮ ಮನೆಯಲ್ಲಿ ಉಳಿದ ಯಾವುದೂ ನಮ್ಮ ಕೈಯಲ್ಲಿರಲಿಲ್ಲ. ಮಳೆ ಇರಲಿಲ್ಲ, ಅಣ್ಣನ ಕಾಲು ಇರಲಿಲ್ಲ, ನನ್ನ ಸಾಲಿ ಇರಲಿಲ್ಲ. ಈ ಆಟದಲ್ಲಿ ಮಾತ್ರ ಬಿದ್ದರೆ ಅದು ನನ್ನ ಕೈಯ ತಪ್ಪು. ಇನ್ನೊಬ್ಬರದ್ದಲ್ಲ, ದೇವರದ್ದಲ್ಲ. ಎಲ್ಲಿ ತಪ್ಪಿತು ಅಂತಲೂ ಗೊತ್ತು, ಎಡಗೈ ಸಡಿಲ ಬಿಟ್ಟದ್ದು ತಡವಾಯಿತು. ಹಂಗಾದರೆ ಇನ್ನೊಂದು ಸಲ ಜಲ್ದಿ ಬಿಟ್ಟರಾಯಿತು. ತಪ್ಪು ನಮ್ಮದೇ ಆಗಿರುವುದು ಒಂದು ಸುಖ. ಅದಕ್ಕೇ ಅದರ ಮುಂದಿಂದ ಏಳಲು ಮನಸ್ಸಾಗುವುದಿಲ್ಲ. ಮೊಮ್ಮಗಳಿಗೆ ಊಟಕ್ಕೆ ಕರೆದರೆ "ಇನ್ನೊಂದ ಸರ್ತಿ ಆಯಿ, ಇದೊಂದ ಸರ್ತಿ," ಅನ್ನುತ್ತಾಳೆ. ಅದೇ ಮಾತು, ಅದೇ ದನಿ. ನನ್ನ ಸೊಸೆ ಸಿಟ್ಟಾಗುತ್ತಾಳೆ. ನನಗೆ ಸಿಟ್ಟು ಬರುವುದಿಲ್ಲ.

ಅಣ್ಣ ಕಡೆಗೆ ಜಹೀರಾಬಾದ್ ಕಲ್ಲು ಮುಟ್ಟಿದ. ನಾನೂ ಮುಟ್ಟಿದೆ, ಅವನ ನಂತರ ಒಂದು ವರ್ಷಕ್ಕೆ. ಅಷ್ಟರಲ್ಲಿ ನನಗೆ ಗಂಡು ಗೊತ್ತಾಯಿತು, ತಾಂಡೂರಿನಲ್ಲಿ. ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ. ನೆಲಕ್ಕೆ ಹಾಸುವ ಆ ನುಣುಪು ಕಲ್ಲು, ನೀವು ಕಂಡಿರುತ್ತೀರಿ.

ಅಕ್ಷತೆ ಬೀಳುವ ಮೂರು ದಿನ ಮೊದಲು ಅಣ್ಣ ಅಂಗಳದ ಸಾಲಿಗೆ ಇನ್ನೊಂದು ಹೆಂಟೆ ಸೇರಿಸಿದ. ಜಹೀರಾಬಾದಿಗೂ ಅದಕ್ಕೂ ನಡುವೆ ಒಂದೂವರೆ ಗೇಣು ಸಂದು.

"ಇದೇನ?" ಅಂದೆ.

"ತಾಂಡೂರ."

"ಇಷ್ಟ ದೂರ ಯಾವಾಕಿ ಹಾರಸ್ತಾಳ?"

"ನೀ ಹಾರಸಬ್ಯಾಡ. ನೀ ಲಗ್ನಾ ಮಾಡಕೊಂಡು ಪುಕ್ಕಟ ಹೋಗಾಕತ್ತಿ. ಹಾರಸಾವ ನಾ." ಆಮೇಲೆ ಹೆಂಟೆಯ ತುದಿ ಚಿವುಟಿ ನೋಡಿ ಅಂದ, "ಮಣ್ಣಿನ ಹೆಂಟಿಗಿ ತಾಂಡೂರ ಅಂದರ ಸುಳ್ಳ ಆಗತದ. ನಿನ್ನ ಗಂಡಗ ಹೇಳಿ ಒಂದು ಖರೇ ತಾಂಡೂರ ಕಲ್ಲ ಕಳಸು. ಅದರ ಮ್ಯಾಲ ಗಾಡಿ ನಿಂದರಿಸಿ ನಿನಗ ಸುದ್ದಿ ಮುಟ್ಟಸ್ತೀನಿ."

ನಾನು ಹೊರಟ ದಿನ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಊರಬಾಗಿಲಿಗೆ, ಅಗಸಿ ತನಕ ಒಯ್ದೆ. ಮದುಮಗಳು, ಮೈಮೇಲೆ ಹೊಸ ಸೀರೆ. ಹೆಂಗಸರು ಬೇಡ ಅಂದರು, ಕೇಳಲಿಲ್ಲ. ಅವನು ಕಿವಿ ಹಿಂಡಲಿಲ್ಲ. ಅಗಸಿಯಲ್ಲಿ ಇಳಿಸಿದೆ. ಮನೆಗೆ ಅವನನ್ನು ಹೊತ್ತುಕೊಂಡು ಹೋದವನು ಅಪ್ಪ. ಅಂದಿನಿಂದ ಅವನಿಗೆ ಅಂಗಳವೇ ಊರು.

ನನ್ನ ಗಂಡ ಮಾತು ಕಡಿಮೆ ಆಡುವ ಮನುಷ್ಯ. ಗಣಿಯಿಂದ ಫರಸಿ ಹೇರಿದ ಲಾರಿ ತಿಂಗಳಿಗೊಮ್ಮೆ ಜಹೀರಾಬಾದಿಗೆ ಹೋಗುತ್ತಿತ್ತು, ಇಳಿಸಲು ಇವರೂ ಹೋಗುತ್ತಿದ್ದರು. ಅಲ್ಲಿಂದ ಖೇಡಕ್ಕೆ ಬಸ್ಸು, ಖೇಡದಿಂದ ನಮ್ಮೂರಿಗೆ ನಡಿಗೆ. ನಾನು ಕೇಳಿದೆ ಅಂತ ಅಂಗೈ ಅಗಲದ ಒಂದು ಕಲ್ಲು ಕೊರೆದು, ಕನ್ನಡಿ ಹಂಗೆ ಉಜ್ಜಿ, ಚೀಲದಲ್ಲಿ ಹಾಕಿಕೊಂಡು ಹೋದರು. ಆಗ ನನಗೆ ನಾಲ್ಕು ತಿಂಗಳು.

ತಿರುಗಿ ಬಂದವರು ರೊಟ್ಟಿಗೆ ಕೂತು ಹೇಳಿದರು. "ಹನ್ನೊಂದು ಸರ್ತಿ ಬಿದ್ದ. ಹನ್ನೊಂದು ಸರ್ತಿನೂ ಹಿಂದಕ ಎಳಕೊಂಡ. ಮುಂದಿನ ಗಾಲಿ ಕಲ್ಲಿಗಿ ತಾಕತದ, ಜಾರತದ. ನನಗ ಏನ್ ಅಂದ ಗೊತ್ತದೇನ? 'ಭಾವ, ನಿಮಗ ಕಲ್ಲ ಉಜ್ಜಾಕ ಬರತದ, ಆಟ ತಿಳಿಯಾಂಗಿಲ್ಲ. ಗಾಲಿಗಿ ಹಿಡಿತ ಬೇಕು. ಒರಟ ಕಲ್ಲ ತರ್ರಿ.'"

"ನೀವು ಏನಂದ್ರಿ?"

"ಏನನ್ನಲಿ. ಖರೇ ಅದ."

ಅದು ನನ್ನ ಅಣ್ಣನ ಮಾತು, ಅಕ್ಷರ ಅಕ್ಷರ. ನಾನು ಎಷ್ಟು ನಕ್ಕೆನೆಂದರೆ ಅತ್ತಿ ಬಂದು ಬಸುರಿ ಹಿಂಗ ನಗಬಾರದು ಅಂತ ಗದರಿಸಿದಳು. ಇವರು ಮರುದಿನವೇ ಇನ್ನೊಂದು ಕಲ್ಲು ತಗೊಂಡು ಚಾಣದಿಂದ ಕುಕ್ಕಿ ಕುಕ್ಕಿ ಒರಟು ಮಾಡಿದರು. ಬೆರಳು ಸವರಿ ನೋಡುವರು, ಮತ್ತೆ ಕುಕ್ಕುವರು. ಮಳೆ ಹಿಡಿದಿತ್ತು. ಮುಂದಿನ ಲಾರಿಗೆ ಆ ಕಲ್ಲು ಒಯ್ದರು.

ಆ ಸಲ ಬರಲು ನಾಲ್ಕು ದಿನ ತಡವಾಯಿತು. ಬಂದಾಗ ಗಡ್ಡ ಬಿಟ್ಟಿದ್ದರು. ಹಳ್ಳ ತುಂಬಿತ್ತು, ಅದಕ್ಕೆ ತಡ ಅಂದರು. ನಾನು ಕೇಳುವ ಮೊದಲೇ ಹೇಳಿದರು, "ಕಲ್ಲ ಕೊಟ್ಟೀನಿ. ಖುಷಿ ಆಗ್ಯಾನ." ರೊಟ್ಟಿ ಉಣ್ಣದೆ ಎದ್ದರು. ಬಿಸಿಲು ಮಳೆಗೆ ಸಿಕ್ಕು ಮೈಯಲ್ಲಿ ಸರಿ ಇಲ್ಲ ಅಂತ ನಾನು ತಿಳಿದೆ.

ಮುಂದಿನ ತಿಂಗಳು ಹೋಗಿ ಬಂದು ಅಂದರು, "ಛಲೋ ಆಡಾಕತ್ಯಾನ. ಇನ್ನೇನ ದಾಟಸ್ತಾನ." ಅದರ ಮುಂದಿನ ಸಲ ಬಂದಾಗ ಅಂಗಳದಲ್ಲಿ ಕೈಕಾಲು ತೊಳೆಯುತ್ತ, ನನ್ನ ಕಡೆ ನೋಡದೆ, "ದಾಟಿಸಿದ," ಅಂದರು.

ನಾನು ಕೈಯಲ್ಲಿದ್ದ ತಂಬಿಗೆ ಇಟ್ಟು ಎದ್ದು ನಿಂತೆ. "ತಾಂಡೂರ? ದಾಟಿಸಿದ್ನಾ? ಹೆಂಗ ದಾಟಿಸಿದ? ಪೂರಾ ಹೇಳ್ರಿ."

"ಏಳ ಸರ್ತಿ ಬಿತ್ತು. ಎಂಟನೇ ಸರ್ತಿ, ಬಿದ್ದಿತ್ತಲ್ಲ, ಅಲ್ಲಿಂದಲೇ ಎತ್ತಿ ಇಟ್ಟು ಒಂದ ಜಗ್ಗ ಜಗ್ಗಿದ ನೋಡು. ಹೋಗಿ ಕಲ್ಲ ಮ್ಯಾಲ ನಿಂತಬಿಡ್ತು."

ಬಿದ್ದಲ್ಲಿಂದ ಎತ್ತಿ ಇಟ್ಟು.

ನನಗೆ ಮೊದಲು ಸಿಟ್ಟು ಬಂತು, ಅಣ್ಣನ ಮೇಲೆ. ಮೋಸ ಮಾಡಿದನಲ್ಲ ಅಂತ. ಆಮೇಲೆ ಆ ಸಿಟ್ಟು ಹಿಡಿಯಲು ಜಾಗ ಸಿಗಲಿಲ್ಲ. ಹತ್ತು ವರ್ಷ ನಾನು ಆ ಅಂಗಳದಲ್ಲಿ ಕೂತವಳು. ಕೈಗೆ ಗುಳ್ಳೆ ಎದ್ದು ಒಡೆದಾಗಲೂ ಅವನು ಎಳೆದುಕೊಂಡು ಹೋದವನೇ. ಒಮ್ಮೆ ಜಹೀರಾಬಾದ್ ಕಲ್ಲಿಗೆ ಮುಂದಿನ ಗಾಲಿ ಏರಿ ಹಿಂದಿನದು ಮಾತ್ರ ಜೋತು ಬಿದ್ದಾಗ, ಯಾರೂ ನೋಡುತ್ತಿಲ್ಲ, ಬೆರಳಿಂದ ನೂಕು ಅಂತ ನಾನೇ ಹೇಳಿದ್ದೆ. "ಅರ್ಧದಾಗಿಂದ ಜೋರ್ ಎಲ್ಲಿಂದ ಬರತದ ಹುಚ್ಚಿ," ಅಂದಿದ್ದ. ಅಂಥವನು ಎತ್ತಿ ಇಡುವುದಿಲ್ಲ. ಇವರು ಕಣ್ಣಾರೆ ಕಂಡದ್ದಲ್ಲ ಅದು. ಹಂಗಾದರೆ ಇವರು ಯಾಕೆ ಸುಳ್ಳು ಹೇಳಿದರು?

ಕೇಳಬಹುದಿತ್ತು. ಬಾಯಿ ತೆರೆಯಲಿಲ್ಲ. ತೆರೆದರೆ ಇವರು ನಿಜ ಹೇಳಿಬಿಟ್ಟಾರು ಅನ್ನುವ ಹೆದರಿಕೆ.

ನಮ್ಮಲ್ಲಿ ಒಂದು ಪದ್ಧತಿ ಉಂಟು. ಚೊಚ್ಚಲ ಬಸುರಿಗೆ ತವರಿನ ಸಾವು ಹೇಳುವುದಿಲ್ಲ. ಹೊಟ್ಟೆಯ ಕೂಸಿಗೆ ಆಗಿಬರುವುದಿಲ್ಲ ಅಂತ. ಹಡೆದು ತೊಟ್ಟಿಲು ಆದ ಮೇಲೆ, ತಾಯಿಯೇ ಬಂದು ಕೂತು ಹೇಳಬೇಕು. ಅಲ್ಲಿಯ ತನಕ ಮನೆಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು, ಸತ್ತವರನ್ನು ಇದ್ದಾರೆ ಅಂತಲೇ ಮಾತಾಡಬೇಕು. ನನಗೆ ಇದು ಗೊತ್ತಿತ್ತು. ಓಣಿಯ ಬೇರೆ ಸೊಸೆಯರಿಗೆ ನಾನೂ ಹೀಗೆ ಹೇಳಿದವಳೇ, ನಿಮ್ಮಪ್ಪ ಛಂದ ಇದ್ದಾನವ್ವಾ ಅಂತ.

ಏಳನೇ ತಿಂಗಳಿಗೆ ತವರಿಗೆ ಕರೆಯಲು ಯಾರೂ ಬರಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ತಪ್ಪುವುದಿಲ್ಲ. ಅತ್ತಿ ಅಂದಳು, "ದಾರಿ ಛಲೋ ಇಲ್ಲ. ಬಸ್ಸಿನಾಗ ಮೈ ಕುಲಕತದ. ನಿಮ್ಮವ್ವನೇ ಇಲ್ಲಿಗಿ ಬರತಾಳ." ಅತ್ತಿ ಅಷ್ಟು ಮೆತ್ತಗೆ ನನ್ನ ಕೂಡ ಎಂದೂ ಮಾತಾಡಿದವಳಲ್ಲ. ನಾನು ಹೂಂ ಅಂದೆ.

ಒಂದು ಮಧ್ಯಾಹ್ನ, ಗಣಿಗೆ ರಜೆ ಇದ್ದ ದಿನ, ಮನೆಯ ಹಿಂದೆ ಹೋದೆ. ಒಡೆದ ಫರಸಿಯ ಚೂರುಗಳನ್ನು ಅಲ್ಲಿ ಒಟ್ಟುತ್ತಿದ್ದರು. ನೋಡಿದರೆ ಇವರು ನೆಲದ ಮೇಲೆ ಕೂತಿದ್ದಾರೆ. ಮುಂದೆ ಕಲ್ಲಿನ ಚೂರುಗಳ ಸಾಲು, ಎರಡು ತುದಿಗೆ ಎರಡು ಗೂಟ, ಎರಡು ಕೈಯಲ್ಲಿ ದಾರ. ಬೆಂಡಿನ ಗಾಡಿಯನ್ನು ಎಷ್ಟು ಕೆಟ್ಟದಾಗಿ ಮಾಡಿದ್ದರೆಂದರೆ ಅದಕ್ಕೆ ಗಾಡಿ ಅನ್ನಲೂ ಬಾರದು. ಸುತ್ತಿಗೆ ಹಿಡಿಯುವ ಕೈ ಅದು. ಜಗ್ಗಿದರು, ಎರಡನೇ ಕಲ್ಲಿಗೆ ಬಿತ್ತು. ಎಡಗೈ ದಾರ ಎಳೆದು ಮೊದಲಿಗೆ ತಂದರು. ಮತ್ತೆ ಜಗ್ಗಿದರು. ಮುಂದಿನ ಸಲ ನನಗೆ ಸರಿಯಾದ ಸುದ್ದಿ ಹೇಳಬೇಕಲ್ಲ, ಅದಕ್ಕೆ ಕಲಿಯುತ್ತಿದ್ದರು. ನಡುವೆ ಒಮ್ಮೆ ದಾರ ಬಿಟ್ಟು, ತೋಳಿನಿಂದ ಮುಖ ಒರೆಸಿಕೊಂಡು, ಹಾಗೇ ಸ್ವಲ್ಪ ಹೊತ್ತು ಮುಖ ತೋಳಿನಲ್ಲೇ ಇಟ್ಟುಕೊಂಡು ಕೂತರು.

ನನಗೆ ಇನ್ನು ಯಾರೂ ಹೇಳುವುದು ಉಳಿದಿರಲಿಲ್ಲ. ಅಣ್ಣ ಇಲ್ಲ.

ಗೋಡೆ ಹಿಡಿದುಕೊಂಡು ಸಪ್ಪಳಿಲ್ಲದೆ ಒಳಗೆ ಬಂದೆ. ಅಳಲಿಲ್ಲ. ಅತ್ತರೆ ಇವರಿಗೆ ತಿಳಿಯುತ್ತದೆ, ಇವರಿಗೆ ತಿಳಿದರೆ ಅತ್ತಿಗೆ, ಅತ್ತಿಯಿಂದ ತವರಿಗೆ. ಕೂಸಿಗೆ ಏನಾದರೂ ಆದರೆ ಇಷ್ಟು ಮಂದಿ ಇಷ್ಟು ತಿಂಗಳು ಕಟ್ಟಿಕೊಂಡ ಬಾಯಿ ವ್ಯರ್ಥವಾಗುತ್ತದೆ. ಅವತ್ತಿನಿಂದ ನಾನೂ ಅವರ ಜೊತೆಗೇ ಸುಳ್ಳು ಹೇಳಲು ಶುರು ಮಾಡಿದೆ. ಇವರು ಊರಿಗೆ ಹೋಗುವಾಗ, "ಅಣ್ಣಗ ಹೇಳ್ರಿ, ತಾಂಡೂರ ದಾಟಿದ ಮ್ಯಾಲ ಹೈದರಾಬಾದ ಇಡು ಅಂತ," ಅಂದೆ. "ಹೇಳತೀನಿ," ಅಂದರು. ಆ 'ಹೇಳತೀನಿ' ಅನ್ನುವಾಗ ಅವರು ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುತ್ತಿದ್ದರು. ಬಹಳ ಹೊತ್ತು ಮಾಡಿಕೊಂಡರು. ನನಗೆ ತಿಳಿದಿತ್ತು ಅನ್ನುವುದನ್ನು ಅವರಿಗೆ ನಾನು ಕಡೆಯ ತನಕ ಹೇಳಲಿಲ್ಲ.

ಒಂಬತ್ತಕ್ಕೆ ಅವ್ವ ಬಂದಳು, ಕೂಸಿಗೆ ಹೊಸ ಕೌದಿ ಹೊಲಿದುಕೊಂಡು. ಸಣ್ಣಗಾಗಿದ್ದಳು. ಬಂದವಳೇ ನನ್ನ ಹೊಟ್ಟೆ ಮುಟ್ಟಿ, ತಲೆ ಮುಟ್ಟಿ, "ನಿಮ್ಮಣ್ಣ ಛಂದ ಇದ್ದಾನ ಮಗಳ. ಕೇಳ್ಯಾನ ನಿನಗ," ಅಂದಳು. ಒಂದು ತಿಂಗಳು ನನ್ನ ಕೂಡ ಇದ್ದಳು. ತಲೆಗೆ ಎಣ್ಣೆ ಹಚ್ಚುವಾಗ ನಾನು ಬೇಕಂತಲೇ ಆಟದ ಮಾತು ತೆಗೆದೆ.

"ಇನ್ನೂ ನಿನ್ನ ಕೌದಿ ದಾರ ಕದಿಯಾಕತ್ಯಾನೇನ?"

ಕೈ ನಿಂತಿತು. ಆಮೇಲೆ ಮತ್ತೆ ಎಣ್ಣೆ ತಿಕ್ಕುತ್ತ ಅಂದಳು, "ತಗೊಳ್ಳಲಿ ಬಿಡು. ದಾರಕ್ಕೇನ ಬರ."

ಹುಚ್ಚ ಆಟ ಅಂತ ಬೈಯಲಿಲ್ಲ. ಆ ಒಂದು ತಿಂಗಳಲ್ಲಿ ಒಮ್ಮೆಯೂ ಬೈಯಲಿಲ್ಲ. ನನ್ನ ಬೆನ್ನ ಹಿಂದೆ ಕೂತಿದ್ದಳು, ಮುಖ ಕಾಣುತ್ತಿರಲಿಲ್ಲ. ನನ್ನ ಮುಖ ಅವಳಿಗೂ ಕಾಣುತ್ತಿರಲಿಲ್ಲ. ಹೀಗೆ ತಾಯಿ ಮಗಳು ಇಬ್ಬರೂ ಒಂದೇ ಸಾವನ್ನು ಬಚ್ಚಿಟ್ಟುಕೊಂಡು ತಲೆಗೆ ಎಣ್ಣೆ ಹಚ್ಚಿಕೊಂಡೆವು.

ಗಂಡು ಕೂಸಾಯಿತು. ಈ ಮೊಮ್ಮಗಳ ಅಪ್ಪ. ತೊಟ್ಟಿಲು ಹಾಕಿ, ಬಂದ ಹೆಂಗಸರಿಗೆ ಗುಗ್ಗರಿ ಹಂಚಿ ಆಯಿತು. ಮರುದಿನ ಮುಂಜಾನೆ ಅತ್ತಿ ಓಣಿಯವರನ್ನು ಏನೋ ನೆವ ಹೇಳಿ ಹೊರಗೆ ಕಳಿಸಿದಳು. ಅವ್ವ ಬಂದು ನನ್ನ ಹೊರಸಿನ ಕಾಲ ಹತ್ತಿರ ನೆಲದ ಮೇಲೆ ಕೂತಳು. ಇವರು ಬಾಗಿಲಲ್ಲಿ ನಿಂತರು. ನನಗೆ ಗೊತ್ತಾಯಿತು, ಹೊತ್ತು ಬಂತು ಅಂತ. ಎಷ್ಟೋ ದಿನದಿಂದ ಮನಸ್ಸಿನಲ್ಲೇ ರೂಢಿ ಮಾಡಿಕೊಂಡಿದ್ದೆ. ಅವ್ವ ಹೇಳಿದ ಕೂಡಲೇ ಈಗ ತಾನೇ ಕೇಳಿದವಳ ಹಂಗೆ ಅಳಬೇಕು. ಇಲ್ಲದಿದ್ದರೆ ಅವಳು ಐದು ತಿಂಗಳು ನುಂಗಿ ಹಿಡಿದದ್ದಕ್ಕೆ ಅರ್ಥವೇ ಇರುವುದಿಲ್ಲ.

"ಮಗಳ," ಅಂದಳು ಅವ್ವ. "ನಿಮ್ಮಣ್ಣ ಹೋಗ್ಯಾನ. ಮಳಿಗಾಲದಾಗ. ಎದಿಗಿ ಕಫ ಹಿಡೀತು, ಮೂರ ದಿನ. ಅಳಿಯ ಬಂದಾಗ ಮಣ್ಣ ಕೊಟ್ಟು ಎರಡ ದಿನ ಆಗಿತ್ತು."

ನಾನು ಅತ್ತೆ. ರೂಢಿ ಮಾಡಿಕೊಂಡಿದ್ದ ಹಂಗೇ ಎದೆ ಬಡಿದುಕೊಂಡೆ, ಹೆಸರು ಹಿಡಿದು ಕೂಗಿದೆ. ಅತ್ತಿ ಬಂದು ಕೈ ಹಿಡಿದಳು. ಅವ್ವ ಮಾತ್ರ ಅಳಲಿಲ್ಲ. ಅಳುವುದನ್ನೇ ಮರೆತವಳ ಹಂಗೆ ಕೌದಿಯ ಅಂಚು ಹಿಡಿದುಕೊಂಡು ನನ್ನನ್ನೇ ನೋಡುತ್ತ ಕೂತಿದ್ದಳು. ನನ್ನ ಅಳು ನನಗೇ ದೂರದಿಂದ ಕೇಳುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ನಿಲ್ಲಿಸಿದೆ. ಒಂದು ಮಾತು ಕೇಳಬೇಕಿತ್ತು. ಎಲ್ಲಕ್ಕಿಂತ ಹೆಚ್ಚು ಅದೊಂದೇ ನನ್ನನ್ನು ಇಷ್ಟು ದಿನ ಕೊರೆದಿತ್ತು.

"ಅವ್ವಾ. ತಾಂಡೂರ ದಾಟಿಸಿದ್ನಾ?"

ಅವ್ವ ಬಾಗಿಲ ಕಡೆ ನೋಡಿದಳು. ಇವರು ದಾಟಿಸಿದ ಅಂತ ನನಗೆ ಹೇಳಿದ್ದು ಅವಳಿಗೂ ಗೊತ್ತಿತ್ತು, ಹಾಗೆ ಹೇಳಿರಿ ಅಂತ ಅವಳೇ ಹೇಳಿಕೊಟ್ಟಿದ್ದಳೋ ಏನೋ. ಇವರು ತಲೆ ತಗ್ಗಿಸಿದರು. ಅವ್ವ ನನ್ನ ಕಡೆ ತಿರುಗಿದಳು.

"ಇಲ್ಲ," ಅಂದಳು. "ದಾಟಲಿಲ್ಲ ಮಗಳ. ಮಲಗೂ ಮೊದಲಿನ ದಿನ ಸಂಜಿ ತನಕ ಕೂತಿದ್ದ. ಮೈಯಾಗ ಜ್ವರ, ಬ್ಯಾಡೋ ಅಂದೆ, ಇನ್ನೊಂದ ಸರ್ತಿ ಅವ್ವಾ ಅಂದ. ಬಿತ್ತು. ಹಿಂದಕ ಎಳಕೊಂಡ. ಮತ್ತ ಬಿತ್ತು. ಕೈಯಾಗ ಬಲ ಇದ್ದಿದ್ದಿಲ್ಲ, ನಾ ಎತ್ತಿ ಇಡತೀನಿ ಕೊಡು ಅಂದೆ. ಮುಟ್ಟಬ್ಯಾಡ ಅಂದ. ಎಳೀತಾ ಎಳೀತಾ ಮೊದಲಿನ ಗೂಟದ ತನಕ ತಂದ. ತಂದ ಇಟ್ಟು ನನಗ ಒಳಗ ಒಯ್ಯಿ ಅಂದ."

ಎತ್ತಿ ಇಡಲಿಲ್ಲ. ನನ್ನ ಅಣ್ಣ ಎತ್ತಿ ಇಡಲಿಲ್ಲ.

ಆಗ ನನಗೆ ಅಳು ಬಂತು. ಸಪ್ಪಳವೇ ಇಲ್ಲದ ಅಳು. ಅವ್ವ ಹೊರಸಿನ ಮೇಲೆ ಏರಿ ಬಂದು ನನ್ನನ್ನೂ ಕೂಸನ್ನೂ ಕೂಡಿ ತಬ್ಬಿಕೊಂಡಳು. "ಹುಚ್ಚ ಆಟ," ಅಂದಳು, "ಹುಚ್ಚ ಆಟ ಅದು," ಅನ್ನುತ್ತ ಕಡೆಗೂ ಅವಳೂ ಅತ್ತಳು.